ಹಿಂದೆ ಸರಿಯುವ ಕೈ

ನಮ್ಮ ಕೈಕೆಳಗಿರುವವರ ಮೇಲೆ ನಮಗಿರುವ ಅಧಿಕಾರದ ಎಲ್ಲೆ ಯಾವುದು? ಹೆತ್ತವರಿಗೆ ಮಕ್ಕಳ ಮೇಲೆ, ಗುರುವಿಗೆ ಶಿಷ್ಯನ ಮೇಲೆ, ಯಜಮಾನನಿಗೆ ಕೆಲಸದವನ ಮೇಲೆ, ಆಳುವವನಿಗೆ ಪ್ರಜೆಯ ಮೇಲೆ ಎಷ್ಟರ ಮಟ್ಟಿಗೆ ಹಕ್ಕಿದೆ? ಬಹಳ ಹಳೆಯ ಪ್ರಶ್ನೆ ಇದು. ಆದರೂ ಪ್ರತಿಯೊಂದು ಮನೆಯಲ್ಲಿ, ಪ್ರತಿಯೊಂದು ತಲೆಮಾರಿನಲ್ಲಿ ಇದನ್ನು ಹೊಸದಾಗಿಯೇ ಎದುರಿಸಬೇಕಾಗುತ್ತದೆ. ಮಗಳು ಏನನ್ನು ಓದಬೇಕು, ಮಗ ಯಾರನ್ನು ಮದುವೆಯಾಗಬೇಕು ಎಂಬಲ್ಲಿ ನಮ್ಮ ಮಾತು ಎಲ್ಲಿಯವರೆಗೆ ಸಲಹೆ, ಎಲ್ಲಿಂದಾಚೆಗೆ ಬಲವಂತ ಎಂದು ಗೆರೆ ಎಳೆಯುವುದು ಸುಲಭವಲ್ಲ. ಪ್ರಿಯ ಓದುಗರೇ, ಈ ಪ್ರಶ್ನೆಯನ್ನು ಈ ಸಲ ಪಂಡಿತರ ಮುಂದಿಡದೆ, ಗೊಂಬೆಗಳಿಗೆ ಜೀವ ತುಂಬಿದ ಕೆಲವು ಚಲನಚಿತ್ರ ಕಲಾವಿದರ ಮುಂದಿಟ್ಟು ನೋಡೋಣ. ಏಕೆಂದರೆ ತಮ್ಮ ಕೈಯಲ್ಲಿರುವುದರ ಮೇಲೆ ಅವರಿಗಿರುವಷ್ಟು ಸಂಪೂರ್ಣ ಅಧಿಕಾರ ಲೋಕದಲ್ಲಿ ಬೇರೆ ಯಾರಿಗೂ ಇರಲಾರದು.

ಸ್ಟಾಪ್ ಮೋಷನ್ ಎಂಬ ಹೆಸರನ್ನು ಕೇಳದವರೂ ಆ ವಿಧಾನದ ಚಿತ್ರಗಳನ್ನು ಕಂಡಿರುತ್ತಾರೆ. ಮಕ್ಕಳು ಮೆಚ್ಚಿ ನೋಡುವ ‘ಶಾನ್ ದ ಶೀಪ್’ ಎಂಬ ಕುರಿಯ ಕಥೆ ಆ ಬಗೆಯದೇ. ಮರ, ಬಟ್ಟೆ, ರಬ್ಬರು ಅಥವಾ ಮೆತ್ತನೆಯ ಜೇಡಿಯಂಥ ವಸ್ತುವಿನಿಂದ ಮಾಡಿದ ಗೊಂಬೆಯನ್ನು ಕ್ಯಾಮೆರಾದ ಮುಂದೆ ನಿಲ್ಲಿಸುತ್ತಾರೆ. ಕಲಾವಿದ ಅದರ ಕೈಯನ್ನೋ ಕತ್ತನ್ನೋ ಕೂದಲೆಳೆಯಷ್ಟು ಸರಿಸಿ, ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಒಂದು ಚಿತ್ರ ತೆಗೆಯುತ್ತಾನೆ. ಮತ್ತೆ ಸರಿಸಿ, ಮತ್ತೆ ಕೈ ತೆಗೆದು, ಇನ್ನೊಂದು ಚಿತ್ರ. ಪರದೆಯ ಮೇಲಿನ ಒಂದು ಸೆಕೆಂಡಿಗೆ ಇಂಥ 24 ಚಿತ್ರಗಳು ಬೇಕು. ಒಂದೊಂದು ಭಂಗಿಯನ್ನು ಎರಡೆರಡು ಚಿತ್ರಗಳಿಗೆ ಬಳಸಿಕೊಂಡರೂ ಸೆಕೆಂಡಿಗೆ 12 ಸಲ ಗೊಂಬೆಯನ್ನು ಮುಟ್ಟಬೇಕು. ಸೂತ್ರದ ಗೊಂಬೆಯಾಟದಲ್ಲಿ ಆಟ ಮುಗಿಯುವವರೆಗೂ ಆಡಿಸುವವನ ಬೆರಳಿಗೂ ಗೊಂಬೆಗೂ ನಡುವೆ ದಾರವಿರುತ್ತದೆ. ಇಲ್ಲಿ ಹಾಗಿಲ್ಲ. ಮುಟ್ಟಿದ ಕೈ ಹಿಂದೆ ಸರಿಯಲೇಬೇಕು. ಸರಿಯದೆ ಉಳಿದರೆ ಆ ಚಿತ್ರ ಕೆಟ್ಟಿತೆಂದೇ ಅರ್ಥ.

ಈ ಕಲೆಯ ಆದ್ಯರಲ್ಲಿ ಒಬ್ಬ ವ್ಲಾದಿಸ್ಲಾವ್ ಸ್ತಾರೆವಿಚ್. 1882ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಈತ, ಆಗ ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ ಲಿಥುವೇನಿಯಾದ ಕೌನಾಸ್ ನಗರದ ವಸ್ತುಸಂಗ್ರಹಾಲಯದಲ್ಲಿ ಕೆಲಸದಲ್ಲಿದ್ದ. ಸಾರಂಗದ ಕೊಂಬಿನಂಥ ದವಡೆಗಳುಳ್ಳ ಎರಡು ಗಂಡು ಜೀರುಂಡೆಗಳ ಕಾಳಗವನ್ನು ಚಿತ್ರೀಕರಿಸಬೇಕೆಂಬುದು ಅವನ ಆಸೆ. ಆದರೆ ದೀಪಗಳನ್ನು ಹೊತ್ತಿಸಿದೊಡನೆ ಅವು ಕಾದಾಡುವುದನ್ನು ಬಿಟ್ಟು ಮುದುರಿ ಸ್ತಬ್ಧವಾಗುತ್ತಿದ್ದವು. ಎಷ್ಟು ಸಲ ಪ್ರಯತ್ನಿಸಿದರೂ ಅದೇ ಕಥೆ. ಕೊನೆಗೆ ಸ್ತಾರೆವಿಚ್ ಸತ್ತ ಜೀರುಂಡೆಗಳನ್ನು ತೆಗೆದುಕೊಂಡು, ಕಾಲುಗಳ ಜಾಗದಲ್ಲಿ ತಂತಿಗಳನ್ನು ಜೋಡಿಸಿ, ಒಂದೊಂದೇ ಭಂಗಿಯನ್ನು ತಿದ್ದುತ್ತಾ 1910ರಲ್ಲಿ ಕಾಳಗವನ್ನು ಚಿತ್ರಿಸಿದ. ಈ ಸಲ ಜೀರುಂಡೆಗಳು ಅವನು ಬಯಸಿದಂತೆಯೇ ಕಾದಾಡಿದವು.

ಬದುಕಿದ್ದ ಜೀರುಂಡೆ ಮಾತು ಕೇಳಲಿಲ್ಲ, ಸತ್ತ ಜೀರುಂಡೆ ಕೇಳಿತು. ಕೀಟಗಳ ವಿಷಯದಲ್ಲಿ ಇದು ಬರಿಯ ತಂತ್ರದ ಸಂಗತಿ. ಮನುಷ್ಯರ ವಿಷಯದಲ್ಲಿ ಅಧಿಕಾರವುಳ್ಳ ಪ್ರತಿಯೊಬ್ಬನ ಮುಂದೆಯೂ ನಿಲ್ಲುವ ಪ್ರಲೋಭನೆ ಇದೇ. ಜೀವವಿರುವುದು ತನ್ನದೇ ಹೊತ್ತಿಗೆ ಏಳುತ್ತದೆ, ತನ್ನದೇ ದಿಕ್ಕಿಗೆ ಹೊರಳುತ್ತದೆ, ನಾವು ದೀಪ ಹೊತ್ತಿಸಿದಾಗ ಮುದುರಿಕೊಳ್ಳುತ್ತದೆ. ಮರುಮಾತಿಲ್ಲದ ಸಂಪೂರ್ಣ ವಿಧೇಯತೆ ಬೇಕೆಂದರೆ ಅದು ದೊರೆಯುವುದು ನಿರ್ಜೀವದಲ್ಲಿ ಮಾತ್ರ. “ನಮ್ಮ ಮಗ ಒಂದು ದಿನವೂ ಎದುರು ಮಾತಾಡಿದವನಲ್ಲ” ಎಂದು ನಾವು ಹೆಮ್ಮೆಯಿಂದ ಹೇಳುವಾಗ, ಅವನೊಳಗೆ ಜೀವಂತವಾಗಿರುವುದು ಎಷ್ಟು, ತಂತಿಯ ಕಾಲೆಷ್ಟು ಎಂದು ಎಂದಾದರೂ ಕೇಳಿಕೊಂಡಿದ್ದೇವೆಯೇ?

ಆದರೆ ಸ್ತಾರೆವಿಚ್ ಅಲ್ಲಿಗೇ ನಿಲ್ಲಲಿಲ್ಲ ಎಂಬುದನ್ನು ಗಮನಿಸಬೇಕು. ಮುಂದೆ 1912ರಲ್ಲಿ ಅವನು ಮಾಡಿದ ‘ಕ್ಯಾಮೆರಾಮನ್ನನ ಸೇಡು’ ಎಂಬ ಚಿತ್ರದಲ್ಲಿ ಕೀಟಗಳು ಮನುಷ್ಯರಂತೆ ಮೋಸಮಾಡುತ್ತವೆ, ಮುನಿಯುತ್ತವೆ, ರಾಜಿಯಾಗುತ್ತವೆ. ಅವನ ಚಿತ್ರಗಳನ್ನು ಕಂಡ ಅಂದಿನ ಕೆಲವರು ಅವು ತರಬೇತಿ ಪಡೆದ ನಿಜವಾದ ಕೀಟಗಳೆಂದೇ ನಂಬಿದ್ದರಂತೆ. ಕಲಾವಿದನ ಗೆಲುವೆಂದರೆ ಇದು. ತನ್ನ ಇಚ್ಛೆಗೆ ಪೂರಾ ಒಳಪಟ್ಟ ವಸ್ತುವಿಗೆ ಸ್ವಂತ ಇಚ್ಛೆಯಿದೆ ಎಂದು ನೋಡುಗನಿಗೆ ಅನ್ನಿಸಬೇಕು; ತನ್ನ ಕೈ ಎಲ್ಲಿಯೂ ಕಾಣಬಾರದು. ಎಂಥ ವಿಚಿತ್ರ ನೋಡಿ! ಸತ್ತದ್ದನ್ನು ಕೈಯಲ್ಲಿ ಹಿಡಿದವನು ಅದು ಸ್ವತಂತ್ರವಾಗಿ ಕಾಣಲೆಂದು ವರ್ಷಗಟ್ಟಲೆ ದುಡಿಯುತ್ತಾನೆ. ಜೀವಂತರನ್ನು ಕೈಯಲ್ಲಿ ಪಡೆದ ನಾವು, ಅವರಲ್ಲಿ ಎಲ್ಲೆಲ್ಲೂ ನಮ್ಮ ಕೈಯೇ ಕಾಣಲೆಂದು ದುಡಿಯುತ್ತೇವೆ.

ಈ ಮಾತನ್ನು ಅತ್ಯಂತ ತೀಕ್ಷ್ಣವಾಗಿ ಹೇಳಿದ ಚಿತ್ರ ‘ರುಕಾ’. ಚೆಕ್ ಭಾಷೆಯಲ್ಲಿ ಹಾಗೆಂದರೆ ‘ಕೈ’. 1965ರಲ್ಲಿ ಅದನ್ನು ಮಾಡಿದವನು ಯಿರಿ ಟ್ರಂಕಾ. 1912ರಲ್ಲಿ ಪ್ಲ್‌ಜೆನ್ ನಗರದಲ್ಲಿ ಹುಟ್ಟಿ, ಗೊಂಬೆಯಾಟದ ರಂಗಭೂಮಿಯಿಂದ ಸಿನಿಮಾಕ್ಕೆ ಬಂದ ಈತ ಮಕ್ಕಳ ಪುಸ್ತಕಗಳ ಚಿತ್ರಕಾರನಾಗಿಯೂ ಜಗತ್ತಿಗೆ ಪರಿಚಿತ. 1968ರಲ್ಲಿ ಚಿತ್ರಕಲೆಗಾಗಿ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿಯೂ ಅವನಿಗೆ ಸಂದಿತು. ಟ್ರಂಕಾನ ಗೊಂಬೆಗಳ ಮುಖ ಅಲುಗುವುದಿಲ್ಲ. ಬಾಯಿ ತೆರೆಯುವುದಿಲ್ಲ, ಹುಬ್ಬು ಏರುವುದಿಲ್ಲ. ಬೆಳಕು ಬೀಳುವ ಬಗೆಯಿಂದ, ತಲೆ ಬಾಗುವ ರೀತಿಯಿಂದ ಅದೇ ಮುಖ ಒಮ್ಮೆ ದುಃಖಿಸುತ್ತದೆ, ಒಮ್ಮೆ ನಗುತ್ತದೆ.

‘ಕೈ’ ಚಿತ್ರದ ಕಥೆ ಸರಳ. ಒಬ್ಬ ಪುಟ್ಟ ಕುಂಬಾರನಿದ್ದಾನೆ. ತನ್ನ ಕೋಣೆಯಲ್ಲಿ ಒಂದು ಹೂವಿನ ಗಿಡವನ್ನು ಸಾಕಿಕೊಂಡು, ಅದಕ್ಕಾಗಿ ಮಡಕೆ ಮಾಡುತ್ತಾ ಸುಖವಾಗಿದ್ದಾನೆ. ಒಂದು ದಿನ ಅವನ ಕೋಣೆಗೆ ಬೃಹತ್ತಾದ ಒಂದು ಕೈ ಬರುತ್ತದೆ. ಅದು ಗೊಂಬೆಯ ಕೈಯಲ್ಲ, ನಿಜವಾದ ಮನುಷ್ಯನ ಕೈ. ಮಡಕೆ ಬೇಡ, ನನ್ನ ಪ್ರತಿಮೆಯನ್ನು ಮಾಡು ಎಂಬುದು ಅದರ ಅಪ್ಪಣೆ. ಅವನು ಒಲ್ಲೆ ಎನ್ನುತ್ತಾನೆ. ಕೈ ಉಡುಗೊರೆ ತರುತ್ತದೆ, ಹಣ ತೋರಿಸುತ್ತದೆ, ಮೋಹ ಒಡ್ಡುತ್ತದೆ, ಕೊನೆಗೆ ಬೆದರಿಸುತ್ತದೆ. ಅವನನ್ನು ಪಂಜರದಲ್ಲಿಟ್ಟು, ಕೈಕಾಲುಗಳಿಗೆ ದಾರ ಕಟ್ಟಿ, ಕಲ್ಲಿನಲ್ಲಿ ತನ್ನ ಮೂರ್ತಿಯನ್ನು ಕೆತ್ತಿಸಿಕೊಳ್ಳುತ್ತದೆ. ಕುಂಬಾರ ಹೇಗೋ ತಪ್ಪಿಸಿಕೊಂಡು ಮನೆಗೆ ಬಂದು ಬಾಗಿಲು ಭದ್ರಪಡಿಸಿಕೊಳ್ಳುತ್ತಾನೆ. ಆದರೆ ತನ್ನದೇ ಮಡಕೆ ಮೇಲಿಂದ ತಲೆಯ ಮೇಲೆ ಬಿದ್ದು ಸಾಯುತ್ತಾನೆ. ಆಗ ಅದೇ ಕೈ ಬಂದು ಅವನಿಗೆ ಪದಕ ತೊಡಿಸಿ ವೈಭವದ ಅಂತ್ಯಕ್ರಿಯೆ ಮಾಡುತ್ತದೆ.

ಅಂದಿನ ಚೆಕೊಸ್ಲೊವಾಕಿಯಾದ ಕಮ್ಯುನಿಸ್ಟ್ ಆಡಳಿತ ಕಲಾವಿದರನ್ನು ನಡೆಸಿಕೊಳ್ಳುತ್ತಿದ್ದ ಬಗೆಗೆ ಹಿಡಿದ ಕನ್ನಡಿ ಇದೆಂದು ತಿಳಿಯಲು ಯಾರಿಗೂ ಕಷ್ಟವಾಗಲಿಲ್ಲ. 1969ರ ಡಿಸೆಂಬರಿನಲ್ಲಿ, 57ನೆಯ ವಯಸ್ಸಿನಲ್ಲಿ ಟ್ರಂಕಾ ತೀರಿಕೊಂಡ. ಅನಂತರ ಈ ಚಿತ್ರವನ್ನು ನಿಷೇಧಿಸಲಾಯಿತು. ಸುಮಾರು ಎರಡು ದಶಕಗಳ ಕಾಲ ಅವನ ದೇಶದವರೇ ಅದನ್ನು ಕಾಣದಾದರು.

ಆದರೆ ಈ ಚಿತ್ರವನ್ನು ಸರ್ವಾಧಿಕಾರಿಗಳಿಗೆ ಮಾತ್ರ ಬರೆದ ಪತ್ರವೆಂದು ಓದಿ ನಾವು ನಿಶ್ಚಿಂತರಾಗುವಂತಿಲ್ಲ. ಆ ಕೈ ಮೊದಲು ಬಂದದ್ದು ಚಾವಟಿ ಹಿಡಿದಲ್ಲ, ಉಡುಗೊರೆ ಹಿಡಿದು. “ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ” ಎಂಬ ಮಾತು ಅದರ ತುದಿಬೆರಳಿನಲ್ಲಿತ್ತು. ನಮ್ಮ ಮನೆಗಳಲ್ಲಿ ಆ ಮಾತು ಎಷ್ಟು ಸಲ ಕೇಳಿಬರುವುದಿಲ್ಲ! ಹೂವಿನ ಗಿಡಕ್ಕೆ ಮಡಕೆ ಮಾಡಿಕೊಂಡಿರುವ ಮಗುವಿನ ಬಳಿಗೆ ಹೋಗಿ, ಅದನ್ನು ಬಿಡು, ನಾನು ಮುಟ್ಟಲಾಗದೆ ಹೋದ ಪದವಿಯನ್ನು ನೀನು ಮುಟ್ಟು ಎಂದು ನಾವು ಕೇಳುವಾಗ, ಅದು ಮಗುವಿನ ಬದುಕೇ, ನಮ್ಮ ಪ್ರತಿಮೆಯೇ? ಪ್ರೀತಿಯೂ ಅಧಿಕಾರವೂ ಒಂದೇ ಕೈಯಲ್ಲಿರುವುದರಿಂದ ಅವುಗಳನ್ನು ಬೇರ್ಪಡಿಸಿ ನೋಡುವುದು ಕೈಯುಳ್ಳವನಿಗೇ ಕಷ್ಟ. ಒಂದು ಪರೀಕ್ಷೆ ಮಾತ್ರ ಇದೆ: ಕೆಲಸ ಮುಗಿದ ಮೇಲೆ ಉಳಿಯುವುದು ಯಾರ ಆಕಾರ, ಅವನದೋ ನಮ್ಮದೋ?

ಈ ಪರೀಕ್ಷೆಯಲ್ಲಿ ಟ್ರಂಕಾ ಸ್ವತಃ ತೇರ್ಗಡೆಯಾದ ಪ್ರಸಂಗವೊಂದಿದೆ. 1963ರಲ್ಲಿ ಕಿಹಾಚಿರೊ ಕವಾಮೊಟೊ ಎಂಬ ಜಪಾನಿ ಕಲಾವಿದ ಅವನಲ್ಲಿ ಕಲಿಯಲು ಪ್ರಾಗ್ ನಗರಕ್ಕೆ ಬಂದ. ದೂರದೇಶದಿಂದ ಅರಸಿಕೊಂಡು ಬಂದ ಶಿಷ್ಯ, ವಯಸ್ಸು 40ರ ಹತ್ತಿರ, ಗುರುವಿನ ಮೇಲೆ ಅಪಾರ ಗೌರವ. ಇಂಥವನನ್ನು ತನ್ನ ಪಡಿಯಚ್ಚಾಗಿ ಮಾಡಿಕೊಳ್ಳುವುದು ಟ್ರಂಕಾನಿಗೆ ಎಷ್ಟು ಸುಲಭವಾಗಿತ್ತು! ಆದರೆ ನಿನ್ನ ನಾಡಿನ ಗೊಂಬೆಯಾಟದ, ನಾಟಕದ ಪರಂಪರೆಯತ್ತ ತಿರುಗಿ ನೋಡು ಎಂದು ಅವನು ಶಿಷ್ಯನಿಗೆ ಬುದ್ಧಿ ಹೇಳಿದ. ಕವಾಮೊಟೊ ಜಪಾನಿಗೆ ಮರಳಿ, ನೋ ನಾಟಕದ ಮುಖವಾಡಗಳಿಂದಲೂ ಬುನ್‌ರಾಕು ಗೊಂಬೆಯಾಟದಿಂದಲೂ ಸತ್ವ ಹೀರಿ 1972ರಲ್ಲಿ ‘ಓನಿ’ಯನ್ನೂ 1976ರಲ್ಲಿ ‘ದೊಜೊಜಿ’ಯನ್ನೂ ನಿರ್ಮಿಸಿದ. ಅವುಗಳಲ್ಲಿ ಜಪಾನ್ ಕಾಣುತ್ತದೆ, ಕವಾಮೊಟೊ ಕಾಣುತ್ತಾನೆ. ಗುರುವಿನ ಕೈ ಹುಡುಕಿದರೆ ಮಾತ್ರ ಸಿಗುತ್ತದೆ.

ಹಿಂದೆ ಸರಿಯುವುದೆಂದರೆ ಶಿಷ್ಯನನ್ನು ಬರಿದೇ ಹೊಗಳುವುದೆಂದು ಭಾವಿಸಬಾರದು. ಅಮೆರಿಕದ ವಿಲಿಸ್ ಓಬ್ರಿಯನ್ 1933ರ ‘ಕಿಂಗ್ ಕಾಂಗ್’ ಚಿತ್ರದ ದೈತ್ಯ ಗೊರಿಲ್ಲಾಕ್ಕೆ ಚಲನೆ ಕೊಟ್ಟವನು. ಆ ಚಿತ್ರವನ್ನು 13ನೆಯ ವಯಸ್ಸಿನಲ್ಲಿ ಕಂಡು ಮರುಳಾದ ರೇ ಹ್ಯಾರಿಹೌಸನ್ ಎಂಬ ಹುಡುಗ, ಕೆಲವು ವರ್ಷಗಳ ಬಳಿಕ ತಾನೇ ಮಾಡಿದ ಪ್ರಾಚೀನ ಪ್ರಾಣಿಗಳ ಗೊಂಬೆಗಳನ್ನು ಕೊಂಡೊಯ್ದು ಓಬ್ರಿಯನ್ನನಿಗೆ ತೋರಿಸಿದ. ಅವುಗಳ ಕಾಲುಗಳು ಮಾಂಸ ತುಂಬಿದ ಸಾಸೇಜಿನಂತಿವೆ, ಮೂಳೆ ಸ್ನಾಯುಗಳನ್ನು ಅಧ್ಯಯನ ಮಾಡು ಎಂದು ಹಿರಿಯ ನೇರವಾಗಿ ಹೇಳಿದ. ಹುಡುಗ ಚಿತ್ರಕಲೆ, ಶಿಲ್ಪ, ಅಂಗರಚನೆಗಳ ಅಭ್ಯಾಸಕ್ಕೆ ತೊಡಗಿದ. ಮುಂದೆ 1949ರ ‘ಮೈಟಿ ಜೋ ಯಂಗ್’ ಚಿತ್ರಕ್ಕೆ ಓಬ್ರಿಯನ್ ಅವನನ್ನೇ ಸಹಾಯಕನಾಗಿ ಕರೆದುಕೊಂಡು, ತಾಂತ್ರಿಕ ತೊಡಕುಗಳನ್ನು ತಾನು ಬಿಡಿಸುತ್ತಾ, ಗೊಂಬೆಯನ್ನು ಚಲಿಸುವ ಕೆಲಸದ ಬಹುಪಾಲನ್ನು ಕಿರಿಯನಿಗೆ ಒಪ್ಪಿಸಿದ. ಕಠಿಣವಾದ ಮಾತನ್ನು ಹೇಳಬೇಕಾದಾಗ ಹೇಳಿದ ಕೈ, ಬಿಟ್ಟುಕೊಡಬೇಕಾದಾಗ ಬಿಟ್ಟುಕೊಟ್ಟಿತು.

ಹ್ಯಾರಿಹೌಸನ್ನನ ತಂದೆತಾಯಿಗಳನ್ನೂ ಇಲ್ಲಿ ನೆನೆಯಬೇಕು. ಮಗ ಹಿಡಿದದ್ದು ಆ ಕಾಲಕ್ಕೆ ಹೊಟ್ಟೆಪಾಡಿನ ಭರವಸೆಯಿಲ್ಲದ ಹಾದಿ. ಯಂತ್ರಕೆಲಸ ಬಲ್ಲ ತಂದೆ ಗೊಂಬೆಗಳೊಳಗಿನ ಲೋಹದ ಕೀಲುಗಳನ್ನು ಮಾಡಿಕೊಟ್ಟ. ತಾಯಿ ಗೊಂಬೆಗಳಿಗೆ ಉಡುಪು ಹೊಲಿದಳು. ತಮ್ಮ ಕೈಗೆ ಬಲ್ಲದ್ದನ್ನು ಮಗನ ಕನಸಿಗೆ ಕೊಟ್ಟರೇ ಹೊರತು, ತಮ್ಮ ಕನಸನ್ನು ಮಗನ ಕೈಗೆ ತುರುಕಲಿಲ್ಲ.

ಇಲ್ಲಿ ಓದುಗರು ಎರಡು ಆಕ್ಷೇಪಗಳನ್ನು ಎತ್ತಬಹುದು. ಮೊದಲನೆಯದು: ಗೊಂಬೆಗೆ ಸ್ವಂತ ಇಚ್ಛೆಯೇ ಇಲ್ಲದಿರುವಾಗ ಅದರಿಂದ ಸ್ವಾತಂತ್ರ್ಯದ ಪಾಠ ಕಲಿಯುವುದು ಹೇಗೆ? ಒಪ್ಪಬೇಕಾದ ಮಾತು. ಆದರೆ ಈ ಕಲಾವಿದರ ಅನುಭವ ಬೇರೊಂದನ್ನು ಹೇಳುತ್ತದೆ. ಇಂಗ್ಲೆಂಡಿನ ನಿಕ್ ಪಾರ್ಕ್ ವಿದ್ಯಾರ್ಥಿಯಾಗಿದ್ದಾಗ ಆರಂಭಿಸಿ 1989ರಲ್ಲಿ ಮುಗಿಸಿದ ‘ಎ ಗ್ರ್ಯಾಂಡ್ ಡೇ ಔಟ್’ ಎಂಬ ಚಿತ್ರದಲ್ಲಿ ವಾಲೆಸ್ ಎಂಬ ಯಜಮಾನನೂ ಗ್ರೊಮಿಟ್ ಎಂಬ ನಾಯಿಯೂ ಇದ್ದಾರೆ. ಗ್ರೊಮಿಟ್ ಮಾತನಾಡಬೇಕೆಂಬುದು ಪಾರ್ಕನ ಮೊದಲ ಯೋಜನೆ. ಕೆಲಸಕ್ಕೆ ಕೈಹಾಕಿದಾಗ ಹುಬ್ಬನ್ನು ಚೂರು ಅಲುಗಿಸಿದರೆ ಸಾಕು, ನಾಯಿ ಎಲ್ಲವನ್ನೂ ಹೇಳಿಬಿಡುತ್ತದೆ ಎಂಬುದು ಅವನಿಗೆ ಹೊಳೆಯಿತು. ಅವನು ತನ್ನ ಯೋಜನೆಯನ್ನು ಕೈಬಿಟ್ಟ. ಗ್ರೊಮಿಟ್‌ಗೆ ಬಾಯಿಯೇ ಇಲ್ಲದಾಯಿತು. ಆ ಮೌನವೇ ಲೋಕಪ್ರಿಯವಾಯಿತು. ಜೇಡಿಯ ಮುದ್ದೆಯೊಂದು ತಾನು ಏನಾಗಬಲ್ಲೆ ಎಂದು ಹೇಳಿದಾಗ ಕೇಳಿಸಿಕೊಳ್ಳುವಷ್ಟು ವಿನಯ ಮಾಡುಗನಿಗೆ ಬೇಕಾಯಿತು. ಜೇಡಿಗೇ ಈ ಗೌರವ ಸಲ್ಲಬೇಕಾದರೆ, ಸ್ವತಂತ್ರ ಚಿತ್ತವುಳ್ಳ ಮಗುವಿಗೆ ಎಷ್ಟು ಸಲ್ಲಬೇಡ?

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದುದು. ಹಿಂದೆ ಸರಿಯಿರಿ ಎಂದರೆ ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡಿ ಎಂದರ್ಥವೇ? ಹಿಡಿತವಿಲ್ಲದೆ ಹಾಳಾದ ಮಕ್ಕಳೂ ನಮ್ಮ ಕಣ್ಣ ಮುಂದಿಲ್ಲವೇ? ಇದ್ದಾರೆ. ಆದುದರಿಂದಲೇ ಈ ಕಲೆಯ ಉಳಿದರ್ಧವನ್ನೂ ನೋಡಬೇಕು. ಹಿಂದೆ ಸರಿದ ಕೈ ಮರಳಿ ಬಾರದಿದ್ದರೆ ಗೊಂಬೆ ನಿಂತಲ್ಲೇ ನಿಂತುಬಿಡುತ್ತದೆ. 1963ರ ‘ಜೇಸನ್ ಅಂಡ್ ದಿ ಆರ್ಗೊನಾಟ್ಸ್’ ಚಿತ್ರದಲ್ಲಿ ಏಳು ಅಸ್ಥಿಪಂಜರಗಳು ಮೂವರು ಯೋಧರೊಡನೆ ಕಾದಾಡುವ ದೃಶ್ಯವಿದೆ. ಪರದೆಯ ಮೇಲೆ ಕೆಲವೇ ನಿಮಿಷಗಳ ಆ ಕಾಳಗವನ್ನು ಹ್ಯಾರಿಹೌಸನ್ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಒಬ್ಬನೇ ಕುಳಿತು ಮಾಡಿದ. ಕೆಲವು ದಿನ ಇಡೀ ದಿನದ ದುಡಿಮೆಗೆ ದೊರೆಯುತ್ತಿದ್ದುದು 13 ಚಿತ್ರಗಳು, ಎಂದರೆ ಅರ್ಧ ಸೆಕೆಂಡಿನಷ್ಟು ಚಲನೆ. ಕೈ ಸರಿಯುತ್ತದೆ, ಮತ್ತೆ ಬರುತ್ತದೆ. ಸ್ವಲ್ಪವೇ ತಿದ್ದುತ್ತದೆ, ಮತ್ತೆ ಸರಿಯುತ್ತದೆ. ಸದಾ ಬಿಗಿಹಿಡಿದ ಕೈಯೂ ಕೈತೊಳೆದುಕೊಂಡು ಹೋದ ಕೈಯೂ ಒಂದೇ ತಪ್ಪಿನ ಎರಡು ಮುಖಗಳು, ಎರಡಕ್ಕೂ ತಾಳ್ಮೆಯಿಲ್ಲ. ಖರ್ಚಿಗೆ ಹಣ ಕೊಟ್ಟು ಕರ್ತವ್ಯ ಮುಗಿಯಿತೆನ್ನುವ ತಂದೆ, ಮಗಳ ಪ್ರತಿಯೊಂದು ಹೆಜ್ಜೆಯನ್ನೂ ತಾನೇ ಇಡುವ ತಾಯಿ, ಇಬ್ಬರಿಗೂ ಬೇಕಾಗಿರುವುದು ದಿನಕ್ಕೆ 13 ಸಲ ಮರಳಿ ಬಂದು, ಸಾಕಾದಷ್ಟೇ ಮುಟ್ಟಿ ಹೋಗುವ ಆ ತಾಳ್ಮೆಯೇ.

ಮುಟ್ಟಿದ್ದೆಲ್ಲ ನಮ್ಮದಾಗುವುದಿಲ್ಲ ಎಂಬ ಅರಿವೂ ಇದರೊಡನೆ ಬೇಕು. 2005ರ ಅಕ್ಟೋಬರ್ 10ರಂದು ಬ್ರಿಸ್ಟಲ್ ನಗರದಲ್ಲಿ, ನಿಕ್ ಪಾರ್ಕ್ ಕೆಲಸ ಮಾಡುವ ಆರ್ಡ್‌ಮನ್ ಸಂಸ್ಥೆಯ ಉಗ್ರಾಣಕ್ಕೆ ಬೆಂಕಿ ಬಿದ್ದು, ಹಳೆಯ ಚಿತ್ರಗಳ ಗೊಂಬೆಗಳೂ ರಂಗಸಜ್ಜುಗಳೂ ಬಹುಪಾಲು ಬೂದಿಯಾದವು. ಹೊಸ ಚಿತ್ರ ಅಮೆರಿಕದ ಚಿತ್ರಮಂದಿರಗಳಲ್ಲಿ ಮೊದಲ ಸ್ಥಾನಕ್ಕೇರಿದ ಸಂತೋಷದ ದಿನಗಳವು. ಆದರೆ ಅದಕ್ಕೆ ಎರಡೇ ದಿನ ಮೊದಲು ಕಾಶ್ಮೀರ ಪ್ರದೇಶದಲ್ಲಿ ಸಂಭವಿಸಿದ ಭೂಕಂಪ 70,000ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. ಲೋಕದಲ್ಲಿ ನಡೆದಿರುವ ದುರಂತಗಳ ಮುಂದೆ ತಮ್ಮ ನಷ್ಟ ದೊಡ್ಡದಲ್ಲ ಎಂಬುದೇ ಪಾರ್ಕನ ಪ್ರತಿಕ್ರಿಯೆಯಾಗಿತ್ತು. ವರ್ಷಗಟ್ಟಲೆ ಬೆರಳೊತ್ತಿ ಮಾಡಿದ್ದನ್ನು ಕಳೆದುಕೊಂಡ ದಿನ ಹಾಗೆ ಹೇಳಲು, ಬಿಗಿಹಿಡಿಯದೆ ಪ್ರೀತಿಸುವುದನ್ನು ಕಲಿತಿರಬೇಕು.

ನಮ್ಮ ಕಾಲದ ಚಿತ್ರವೊಂದು ಈ ಚರ್ಚೆಯನ್ನು ನೇರವಾಗಿ ತಂದೆ-ಮಗನ ಸಂಬಂಧಕ್ಕೇ ತರುತ್ತದೆ. ಗಿಲೆರ್ಮೊ ಡೆಲ್ ಟೊರೊ, ಮಾರ್ಕ್ ಗುಸ್ಟಾಫ್ಸನ್ ಜೊತೆಗೂಡಿ 2022ರಲ್ಲಿ ನಿರ್ಮಿಸಿದ ‘ಪಿನೋಕಿಯೊ’ ಮರುವರ್ಷ ಆಸ್ಕರ್ ಪ್ರಶಸ್ತಿ ಪಡೆಯಿತು. ಅದರಲ್ಲಿ ಮರಗೆಲಸದ ಜೆಪೆಟ್ಟೊನ ಮಗ ಕಾರ್ಲೊ ಬಾಂಬಿಗೆ ಸಿಕ್ಕಿ ದೇವಾಲಯದಲ್ಲೇ ಸಾಯುತ್ತಾನೆ. ಶೋಕದಲ್ಲಿ ಮುಳುಗಿದ ತಂದೆ ಒಂದು ಮರದ ಗೊಂಬೆಯನ್ನು ಕೆತ್ತುತ್ತಾನೆ. ಅದಕ್ಕೆ ಜೀವ ಬರುತ್ತದೆ. ಆದರೆ ತಂದೆಗೆ ಬೇಕಾಗಿರುವುದು ಪಿನೋಕಿಯೊ ಅಲ್ಲ, ಕಾರ್ಲೊ. ಇಲ್ಲದವನ ಅಚ್ಚಿಗೆ ಇರುವವನನ್ನು ಒತ್ತಿ ತುಂಬಲು ಹೊರಟಾಗ ಇಬ್ಬರೂ ನೋಯುತ್ತಾರೆ. ಊರಿನವರು ಈ ಹುಡುಗನನ್ನು ಕಂಡು ಬೆದರುತ್ತಾರೆ. ಒಮ್ಮೆ ದೇವಾಲಯದಲ್ಲಿ, ಜೆಪೆಟ್ಟೊ ಕೆತ್ತಿದ ಶಿಲುಬೆಯ ಮೇಲಿನ ಕ್ರಿಸ್ತನ ಪ್ರತಿಮೆಯನ್ನು ನೋಡುತ್ತಾ ಪಿನೋಕಿಯೊ ಕೇಳುತ್ತಾನೆ: ಅವನೂ ಮರದವನೇ, ಜನ ಅವನನ್ನು ಪ್ರೀತಿಸುತ್ತಾರೆ, ನನ್ನನ್ನು ಏಕೆ ಪ್ರೀತಿಸುವುದಿಲ್ಲ?

ಪೀಠದ ಮುಂದೆ ಮಂಡಿಯೂರಿ ಮನೆಗೆ ಮರಳುವ ನಮಗೆ ಈ ಪ್ರಶ್ನೆ ಚುಚ್ಚಬೇಕು. ಮರದ ಪ್ರತಿಮೆ ನಮ್ಮನ್ನು ಎದುರಿಸುವುದಿಲ್ಲ. ಜೀವಂತ ಮಗು ಎದುರಿಸುತ್ತದೆ. ಪ್ರತಿಮೆಯ ಮುಂದೆ ಮೃದುವಾಗುವ ಮನಸ್ಸು ಮಗುವಿನ ಮುಂದೆ ಕಲ್ಲಾಗುವುದೇಕೆ? ಚಿತ್ರದ ಕೊನೆಗೆ ಜೆಪೆಟ್ಟೊ ತನ್ನ ತಪ್ಪನ್ನು ಅರಿತು, ನೀನು ಬೇರೊಬ್ಬನಾಗಬೇಕಿಲ್ಲ, ನೀನು ನೀನಾಗಿಯೇ ಇರು ಎಂಬ ಅರ್ಥದ ಮಾತನ್ನು ಮಗನಿಗೆ ಹೇಳುತ್ತಾನೆ. ಕೆತ್ತಿದವನು ಉಳಿಯನ್ನು ಕೆಳಗಿಡುವ ಕ್ಷಣವದು.

ಕೊನೆಯದಾಗಿ ಇನ್ನೊಂದು ಚಿತ್ರ. ರಷ್ಯಾದ ಸ್ಟಾನಿಸ್ಲಾವ್ ಸೊಕೊಲೊವ್ ಮತ್ತು ಬ್ರಿಟನ್ನಿನ ಡೆರೆಕ್ ಹೇಯ್ಸ್ ನಿರ್ದೇಶಿಸಿ 2000ದಲ್ಲಿ ತೆರೆಕಂಡ ‘ದ ಮಿರಾಕಲ್ ಮೇಕರ್’ ಯೇಸುವಿನ ಜೀವನವನ್ನು ಗೊಂಬೆಗಳ ಮೂಲಕ ಹೇಳುತ್ತದೆ. ಯಾಯೀರನ ಮಗಳ ಕಥೆ ಅದರುದ್ದಕ್ಕೂ ಹರಿದಿದೆ. ಸಂತ ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಆ ಪ್ರಸಂಗವನ್ನು ನಾವು ಓದಿದ್ದೇವೆ. ಯೇಸು ಸತ್ತ ಬಾಲಕಿಯ ಕೈಹಿಡಿದು ಎಬ್ಬಿಸುತ್ತಾರೆ. ಆಕೆ ಎದ್ದು ನಡೆದಾಡುತ್ತಾಳೆ. ಆಕೆಯನ್ನು ತಮ್ಮ ಅದ್ಭುತದ ಸಾಕ್ಷಿಯಾಗಿ ಊರೂರಿಗೆ ಕರೆದೊಯ್ಯುವುದಿಲ್ಲ; ಯಾರಿಗೂ ತಿಳಿಸಬೇಡಿ ಎಂದು ಆಜ್ಞಾಪಿಸಿ, ಆಕೆಗೆ ಉಣ್ಣಲು ಏನಾದರೂ ಕೊಡಿ ಎಂದು ಹೇಳುತ್ತಾರೆ. ಜೀವ ಕೊಟ್ಟ ಕೈ ಎಷ್ಟು ಬೇಗ ಬಿಟ್ಟುಕೊಟ್ಟಿತು!

ಪ್ರಿಯ ಓದುಗರೇ, ಈ ರಾತ್ರಿ ಮನೆಮಂದಿಯೆಲ್ಲ ಊಟಕ್ಕೆ ಕುಳಿತಾಗ ಒಮ್ಮೆ ನಿಮ್ಮ ಕೈಯನ್ನು ನೋಡಿಕೊಳ್ಳಿ. ಅದು ಯಾರನ್ನು ಹಿಡಿದಿದೆ, ಎಷ್ಟು ಬಿಗಿಯಾಗಿ ಹಿಡಿದಿದೆ, ಯಾರ ಬಳಿಗೆ ಹೋಗಿ ಬಹಳ ದಿನಗಳಾದವು ಎಂದು ಕೇಳಿಕೊಳ್ಳಿ. ಬಿಡಬೇಕಾದವರನ್ನು ಬಿಡುವುದಕ್ಕೂ, ಮತ್ತೆ ಮುಟ್ಟಬೇಕಾದವರನ್ನು ಮುಟ್ಟುವುದಕ್ಕೂ ಇನ್ನೂ ಸಮಯವಿದೆ.